ಟೊಂಕನೋವು, ಕೈರೋಪ್ರಾಕ್ಟಿಕ್ ಮತ್ತು 75 ಕಿಲೋ ಚೀಲ

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಾದ ಸಿದ್ದಾಪುರದಲ್ಲಿ ಸುಗ್ಗಿ ಬಂತೆಂದರೆ ಹಮಾಲರ ಬೆನ್ನ ಮೇಲೆ 75 ಕಿಲೋ ಚೀಲ ಏರುತ್ತದೆ. ಟೊಂಕ ಹಿಡಿದವರು ಉಳುಕು ತೆಗೆಯುವವರನ್ನು ಅರಸಿ ಹೋಗುವುದು ಇಲ್ಲಿನ ಹಳೆಯ ರೂಢಿ. ಈಗ ನಗರಗಳ ಕೈರೋಪ್ರಾಕ್ಟಿಕ್ ಚಿಕಿತ್ಸೆಯ ಬಗ್ಗೆಯೂ ಗಿರಣಿ ಮಾಲೀಕರು ವಿಚಾರಿಸತೊಡಗಿದ್ದಾರೆ.

ಗ್ರೀಕ್ ಮೂಲದ ಈ ಹೆಸರಿಗೆ ಕೈಯಿಂದ ಮಾಡುವ ಕೆಲಸವೆಂದು ಅರ್ಥ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ನಗರದಲ್ಲಿ ಡಿ.ಡಿ. ಪಾಮರ್ ಇದನ್ನು ಆರಂಭಿಸಿದರು. ಬೆನ್ನುಮೂಳೆಯ ಮಣಿಗಳು ಸ್ಥಾನ ತಪ್ಪುವುದೇ ಬಹುತೇಕ ರೋಗಗಳ ಮೂಲವೆಂಬ ಅವರ ವಾದಕ್ಕೆ ವೈಜ್ಞಾನಿಕ ಆಧಾರ ದೊರೆತಿಲ್ಲ. ಆದರೆ ಚಿಕಿತ್ಸೆ ಸಂಪೂರ್ಣ ನಿರರ್ಥಕವೂ ಅಲ್ಲ. ಚಿಕಿತ್ಸಕರು ಕೀಲನ್ನು ಅದರ ಚಲನೆಯ ಅಂಚಿನವರೆಗೆ ಒಯ್ದು ಥಟ್ಟನೆ ಅಳತೆಯ ಒತ್ತಡ ಕೊಡುತ್ತಾರೆ. ಆಗ ಕೇಳಿಸುವ ಲಟಕ್ ಶಬ್ದ ಮೂಳೆ ಸ್ವಸ್ಥಾನಕ್ಕೆ ಕೂತದ್ದಲ್ಲ, ಕೀಲಿನೊಳಗಿನ ದ್ರವದಲ್ಲಿ ಅನಿಲದ ಚಟುವಟಿಕೆಯಿಂದ ಹುಟ್ಟಿದ್ದು. ಬಿಗಿತ ಸಡಿಲಿ ನೋವು ಕೆಲಕಾಲ ತಗ್ಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯು ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮದಂತಹ ಉಪಾಯಗಳ ಜೊತೆಗೆ ಬೆನ್ನೆಲುಬಿನ ಹಸ್ತಚಿಕಿತ್ಸೆಗೂ ಎಡೆಕೊಟ್ಟಿದೆ. ಕುತ್ತಿಗೆಯ ವಿಷಯ ಬೇರೆ: ಅಲ್ಲಿನ ರಭಸದ ತಿರುಚುವಿಕೆಯ ನಂತರ, ವಿರಳವಾಗಿಯಾದರೂ, ರಕ್ತನಾಳ ಸೀಳಿ ಪಾರ್ಶ್ವವಾಯು ತಗುಲಿದ ಪ್ರಕರಣಗಳು ದಾಖಲಾಗಿವೆ. ಕಾಲು ಜೋಮು ಹಿಡಿದು ಶಕ್ತಿ ಕುಂದಿದರೆ, ಮೂತ್ರದ ಹತೋಟಿ ತಪ್ಪಿದರೆ ನೇರವಾಗಿ ಆಸ್ಪತ್ರೆಗೇ ಹೋಗತಕ್ಕದ್ದು.

ಲೆಕ್ಕಪರಿಶೋಧಕನಾಗಿ ಒಂದು ಮಾತು. ಜಿಎಸ್‌ಟಿಯ 2017ರ ಅಧಿಸೂಚನೆಯಲ್ಲಿ ಆರೋಗ್ಯ ಸೇವೆಗೆ ವಿನಾಯಿತಿ ಇರುವುದು ಭಾರತದಲ್ಲಿ ಮಾನ್ಯತೆ ಪಡೆದ ವೈದ್ಯಪದ್ಧತಿಗಳಿಗೆ ಮಾತ್ರ. 2010ರ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೆಸರಿಸುವ ಪದ್ಧತಿಗಳಲ್ಲಿ ಯೋಗ, ಯುನಾನಿಗಳಿವೆ, ಕೈರೋಪ್ರಾಕ್ಟಿಕ್ ಇಲ್ಲ. ದಂತವೈದ್ಯರಿಗಿರುವಂತಹ ಶಾಸನಬದ್ಧ ಮಂಡಳಿಯೂ ಇದಕ್ಕಿಲ್ಲ. ಆದ್ದರಿಂದ ಕಾರ್ಮಿಕರನ್ನು ಕಳುಹಿಸುವ ಮೊದಲು ಚಿಕಿತ್ಸಕರ ವಿದ್ಯಾರ್ಹತೆಯನ್ನು ಕೇಳಿ ತಿಳಿಯಬೇಕು, ರಸೀದಿಯನ್ನೂ ಪಡೆಯಬೇಕು.

ಇಷ್ಟಾಗಿಯೂ ಬೆಳಿಗ್ಗೆ ಒತ್ತಿಸಿಕೊಂಡ ಬೆನ್ನು ಸಂಜೆ ಮತ್ತದೇ ಚೀಲದ ಕೆಳಗೆ ಬಾಗಿದರೆ ಆ ಖರ್ಚು ಯಾವ ಬಾಬ್ತಿಗೆ? ಒಬ್ಬ ವಯಸ್ಕ ಪುರುಷ ಹೊರುವ ಭಾರದ ಮಿತಿ 55 ಕಿಲೋ ಮೀರಿದ್ದರೆ ಅದನ್ನು ಶೀಘ್ರ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಶಿಫಾರಸು ಮಾಡಿದ್ದು 1967ರಲ್ಲಿ. ನಮ್ಮ ಭತ್ತದ ಚೀಲ ಅದಕ್ಕಿಂತ 20 ಕಿಲೋ ಹೆಚ್ಚು. ಅಳತೆ ಬದಲಿಸುವುದು ಕಷ್ಟವೆನ್ನುವವರುಂಟು. 2022ರ ಜುಲೈನಲ್ಲಿ 25 ಕಿಲೋವರೆಗಿನ ಅಕ್ಕಿ ಪೊಟ್ಟಣಕ್ಕೆ ಶೇ. 5 ತೆರಿಗೆ ಬಿದ್ದಾಗ 26 ಕಿಲೋ ಚೀಲ ಮಾರುಕಟ್ಟೆಗೆ ಬರಲು ಎಷ್ಟು ದಿನ ಹಿಡಿಯಿತು? ಭತ್ತಕ್ಕೆ 50 ಕಿಲೋ ಚೀಲದ ಪ್ರಸ್ತಾವವನ್ನು ವರ್ತಕರು, ಗಿರಣಿದಾರರು ಹಾಗೂ ಹಮಾಲರ ಸಂಘದವರು ಒಟ್ಟಿಗೆ ಕುಳಿತು ಮುಂದಿನ ಸುಗ್ಗಿಗೆ ಮುನ್ನವೇ ಚರ್ಚಿಸಬಹುದು.