ರೆಂಡರಿಂಗ್ ಕಲೀಬೇಕು, ಯಾವ ಸಾಫ್ಟ್‌ವೇರ್ ಹಾಕ್ಕೊಳ್ಲಿ?

ನಮ್ಮ ಕಡೆ ಮನೆ ಕಟ್ಟಿಸೋರು ಈಗ ಪ್ಲ್ಯಾನ್ ನೋಡಿ ಸುಮ್ಮನಾಗಲ್ಲ, 'ಎಲಿವೇಷನ್ ತೋರಸ್ರೀ' ಅಂತಾರೆ. ಚಿತ್ತಾಪುರ ಇರಲಿ, ಸೇಡಂ ಇರಲಿ, ಪಾಯ ತೋಡೋ ಮುಂಚೆನೇ ಆ ಬಣ್ಣದ ಚಿತ್ರ ಮನೆಯವರ ವಾಟ್ಸಾಪ್‌ಗೆ ಬಂದಿರುತ್ತೆ. ಇನ್ನೂ ಕಟ್ಟದ ಮನೆಯನ್ನ ಫೋಟೊ ತೆಗೆದ ಹಾಗೆ ಕಂಪ್ಯೂಟರ್‌ನಲ್ಲಿ ತೋರಿಸೋ ಈ ಕೆಲಸಕ್ಕೇ ಆರ್ಕಿಟೆಕ್ಚರಲ್ ರೆಂಡರಿಂಗ್ ಅನ್ನೋದು.

ಇದನ್ನ ಕಲಿಯೋಕೆ ಹೊರಟ ಸಿವಿಲ್ ಡಿಪ್ಲೊಮಾ ಹುಡುಗ ಹುಡುಗಿಯರು ಕೇಳೋದು, ಯಾವ ಸಾಫ್ಟ್‌ವೇರ್? ಅವರ ಮನೆಯವರು ಕೇಳೋದು, ಅದಕ್ಕೆ ಎಷ್ಟು ಸಾವಿರದ ಲ್ಯಾಪ್‌ಟಾಪ್ ಬೇಕು? ನಾನು ಮನೆಯವರ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಸಾಲ ಆಗೋದು ಅಲ್ಲೇ.

ಯೂಟ್ಯೂಬ್‌ನಲ್ಲಿ ಥಳಥಳ ಹೊಳೆಯೋ ವಿಡಿಯೊಗಳು ಹೆಚ್ಚಾಗಿ ಲ್ಯೂಮಿಯನ್, ಎನ್‌ಸ್ಕೇಪ್, ಡಿ5, ಟ್ವಿನ್‌ಮೋಷನ್ ಇವುಗಳದ್ದು. ಎಲ್ಲಾ ಒಳ್ಳೇ ಸಾಫ್ಟ್‌ವೇರ್‌ಗಳೇ. ಆದ್ರೆ ಇವು ಚಿತ್ರವನ್ನ ಕಣ್ಣೆದುರೇ ತಕ್ಷಣ ಮೂಡಿಸುತ್ತವೆ, ಅದಕ್ಕೆ ಲ್ಯಾಪ್‌ಟಾಪ್ ಒಳಗೆ ಬೇರೆಯದೇ ಆದ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. ಲ್ಯೂಮಿಯನ್ ಅಂತೂ ವಿಂಡೋಸ್‌ನಲ್ಲಿ ಮಾತ್ರ ಓಡುತ್ತೆ. ಟ್ವಿನ್‌ಮೋಷನ್ ಸಣ್ಣ ಆದಾಯದವರಿಗೆ ಉಚಿತ, ವರ್ಷಕ್ಕೆ 10 ಲಕ್ಷ ಡಾಲರ್ ದಾಟೋವರೆಗೆ ದುಡ್ಡು ಕೇಳಲ್ಲ. ಹಂಗಾಗಿ ನಮಗ್ಯಾರಿಗೂ ಚಿಂತೆ ಇಲ್ಲ ಬಿಡಿ. ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಯಂತ್ರ ಪುಕ್ಕಟೆ ಸಿಗಲ್ಲ.

ಆದ್ದರಿಂದ, ಕೈಯಲ್ಲಿರೋದು 8 ಜಿಬಿ ರ‍್ಯಾಮ್‌ನ ಸಾಧಾರಣ ಲ್ಯಾಪ್‌ಟಾಪ್ ಆದ್ರೆ ಬ್ಲೆಂಡರ್ ಹಾಕ್ಕೊಳ್ಳಿ ಅಂತ ನಾನು ಹೇಳ್ತೀನಿ. ಅದರ ಸೈಕಲ್ಸ್ ಅನ್ನೋ ರೆಂಡರ್ ಎಂಜಿನ್ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ಬರೀ ಪ್ರೊಸೆಸರ್ ಮೇಲೂ ಕೆಲಸ ಮಾಡುತ್ತೆ. ನಿಧಾನ, ಆದ್ರೆ ಚಿತ್ರದ ಗುಣಮಟ್ಟ ಕಡಿಮೆ ಆಗಲ್ಲ. ಲ್ಯಾಪ್‌ಟಾಪ್ ತೀರಾ ಹಳೇದಾಗಿ ಹೊಸ ಆವೃತ್ತಿ ತೆರೀಲಿಲ್ಲ ಅಂದ್ರೆ, ಹಳೇ ಆವೃತ್ತಿಗಳೆಲ್ಲ ಅವರ ವೆಬ್‌ಸೈಟ್‌ನಲ್ಲೇ ಇವೆ. 2002ರಲ್ಲಿ ಇದನ್ನ ಮಾಡ್ತಿದ್ದ ಕಂಪನಿ ಮುಚ್ಚಿದಾಗ, ಬಳಕೆದಾರರೇ ಏಳು ವಾರದಲ್ಲಿ 1 ಲಕ್ಷ ಯುರೋ ಕೂಡಿಸಿ ಇದನ್ನ ಮುಕ್ತ ಸಾಫ್ಟ್‌ವೇರ್ ಮಾಡಿಸಿದ್ರು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಅನ್ನೋ ಆನಿಮೇಷನ್ ಸಿನಿಮಾ ಬ್ಲೆಂಡರ್‌ನಲ್ಲೇ ತಯಾರಾಗಿದ್ದು.

ಒಂದು ಕಹಿ ಮಾತೂ ಇದೆ. ಬೆಂಗಳೂರು, ಹೈದರಾಬಾದ್ ಆಫೀಸ್‌ಗಳಲ್ಲಿ ಕೆಲಸ ಕೇಳಿದ್ರೆ ಬ್ಲೆಂಡರ್ ಬರುತ್ತಾ ಅಂತ ಕೇಳೋರು ಕಡಿಮೆ. ಆಟೊಕ್ಯಾಡ್, ಸ್ಕೆಚ್‌ಅಪ್, ರೆವಿಟ್, ವಿ-ರೇ ಕೇಳ್ತಾರೆ. ಅದಕ್ಕೇ ಜೊತೆಗೆ ಸ್ಕೆಚ್‌ಅಪ್‌ನ ಉಚಿತ ವೆಬ್ ಆವೃತ್ತಿಯಲ್ಲಿ ಕೈ ಆಡಿಸ್ತಾ ಇರಿ, ಬ್ರೌಸರ್‌ನಲ್ಲೇ ತೆರೆಯುತ್ತೆ. ಆಟೊಡೆಸ್ಕ್ ವಿದ್ಯಾರ್ಥಿಗಳಿಗೆ ಆಟೊಕ್ಯಾಡ್ ಉಚಿತವಾಗಿ ಕೊಡುತ್ತೆ, ಕಾಲೇಜಿನ ದಾಖಲೆ ಇದ್ರೆ ಸಾಕು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರೋ ಕ್ರ್ಯಾಕ್ ಮಾತ್ರ ಬೇಡ. ಮೊದಲು ಆಂಟಿವೈರಸ್ ಆಫ್ ಮಾಡು ಅಂತ ಅದು ಹೇಳೋದು ಸುಮ್ಮನೆ ಅಲ್ಲ. ಅಪ್ಪನ ಬ್ಯಾಂಕ್ ಲಾಗಿನ್, ಮನೆಯವರ ಆಧಾರ್ ಸ್ಕ್ಯಾನ್ ಇರೋದೂ ಅದೇ ಲ್ಯಾಪ್‌ಟಾಪ್‌ನಲ್ಲಿ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರ್ತೀನಿ. ರೆಂಡರಿಂಗ್ ಅಂದ್ರೆ ಬಟನ್ ಕಲಿಯೋದು ಅಲ್ಲ, ಬೆಳಕು ಕಲಿಯೋದು. ನಾವು ನೋಡೋ ಪಾಠಗಳಲ್ಲಿ ಬಹಳಷ್ಟು ಯುರೋಪಿನವು. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ದಕ್ಷಿಣಕ್ಕೇ ಇರ್ತಾನೆ, ಬಿಸಿಲೂ ಮೆತ್ತಗೆ. ಚಿತ್ತಾಪುರ ಇರೋದು ಸುಮಾರು 17.1 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಇಲ್ಲಿ ಸೂರ್ಯ ನೆತ್ತಿ ಮೇಲೆ ಬರ್ತಾನೆ, ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನ ಉತ್ತರದ ಕಡೆ ವಾಲಿರ್ತಾನೆ. ಆ ದಿನಗಳಲ್ಲಿ ನಡು ಮಧ್ಯಾಹ್ನದ ಬಿಸಿಲು ಉತ್ತರದ ಗೋಡೆ ಸವರುತ್ತೆ, ದಕ್ಷಿಣದ ಗೋಡೆ ನೆರಳಲ್ಲಿರುತ್ತೆ. ಇನ್ನೊಂದು ಮಜಾ ಅಂದ್ರೆ, ನಮ್ಮಲ್ಲಿ ಸೂರ್ಯನ ಮಧ್ಯಾಹ್ನ ಗಡಿಯಾರದ 12ಕ್ಕೆ ಆಗಲ್ಲ, ಮೇ ತಿಂಗಳಲ್ಲಿ 12:20ರ ಆಸುಪಾಸು ಆಗುತ್ತೆ. ಭಾರತೀಯ ಕಾಲಮಾನದ ರೇಖೆ 82.5 ಡಿಗ್ರಿಯದ್ದು, ನಾವು 77ರ ಹತ್ತಿರ ಇದ್ದೀವಿ.

ಬ್ಲೆಂಡರ್‌ನಲ್ಲಿ ಸನ್ ಪೊಸಿಷನ್ ಅನ್ನೋ ಆಡ್-ಆನ್ ಇದೆ. ಅಕ್ಷಾಂಶ, ರೇಖಾಂಶ, ತಾರೀಖು, ಸಮಯ ಕೊಡಿ. ಟೈಮ್ ಝೋನ್ ಜಾಗದಲ್ಲಿ 5.5 ಹಾಕಿ. ಸೂರ್ಯ ತಾನೇ ಸರಿಯಾದ ಜಾಗಕ್ಕೆ ಬಂದು ನಿಲ್ತಾನೆ. ಇದು ಚೆಂದಕ್ಕಲ್ಲ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇಟ್ಟು, ತಂಪು ದೇಶದ ಸಂಜೆ ಬೆಳಕಿನಲ್ಲಿ ಚಿತ್ರ ಮಾಡಿಕೊಟ್ರೆ ಮನೆಯವರು ಒಪ್ಪಿಬಿಡ್ತಾರೆ. ಆಮೇಲೆ ಆ ಮನೆಯಲ್ಲಿ ವಾಡಿಯ ಮೇ ತಿಂಗಳು ಕಳೀಬೇಕಾದವರು ಅವರು. ಸಜ್ಜಾ ಎಷ್ಟು ಮುಂದೆ ಬರಬೇಕು ಅನ್ನೋದನ್ನ ಚಿತ್ರವೇ ತೋರಿಸಬಹುದು, ಸೂರ್ಯನನ್ನ ಸರಿಯಾಗಿ ಇಟ್ಟರೆ.

ಇನ್ನು ಕಲ್ಲು. ಸುಣ್ಣದಕಲ್ಲಿನ ನಾಡು ನಮ್ಮದು, ಶಹಾಬಾದ್ ಪರ್ಸಿ ಎಷ್ಟೋ ಊರುಗಳ ಮನೆ ನೆಲದಲ್ಲಿದೆ. ಆದರೂ ಇಟಾಲಿಯನ್ ಮಾರ್ಬಲ್‌ನ ಫೋಟೊ ಡೌನ್‌ಲೋಡ್ ಮಾಡಿ ಹಾಕ್ತೀವಿ! ನಿಮ್ಮ ಪಡಸಾಲಿಯ ಪರ್ಸಿಯನ್ನೇ ಫೋನ್‌ನಲ್ಲಿ ನೇರ ಮೇಲಿಂದ ಫೋಟೊ ತೆಗೀರಿ. ಬಿಸಿಲಲ್ಲಿ ಬೇಡ, ಮೋಡ ಇದ್ದಾಗ ಇಲ್ಲಾ ನೆರಳಲ್ಲಿ ತೆಗೀರಿ, ಇಲ್ಲಾಂದ್ರೆ ನಿಜವಾದ ನೆರಳು ಫೋಟೊದಲ್ಲಿ ಅಂಟಿಕೊಂಡು ಬರುತ್ತೆ. ಅಳತೆ ತಪ್ಪಬೇಡಿ, ಎರಡಡಿ ಕಲ್ಲು ಅಂದ್ರೆ ಬ್ಲೆಂಡರ್‌ನಲ್ಲಿ 0.61 ಮೀಟರ್. ಆಮೇಲೆ ರಫ್‌ನೆಸ್ ಅನ್ನೋ ಒಂದು ಸ್ಲೈಡರ್ ಇದೆ, ಸೊನ್ನೆ ಅಂದ್ರೆ ಕನ್ನಡಿ, ಒಂದು ಅಂದ್ರೆ ಪೂರ್ತಿ ಮಾಸಲು. ಹೊಸ ಪರ್ಸಿಗೆ ಜಾಸ್ತಿ ಇಡಿ, ಅಜ್ಜಿ ಕಾಲದಿಂದ ತುಳಿದು ನುಣುಪಾದ ಪರ್ಸಿಗೆ ಕಡಿಮೆ ಮಾಡಿ. ಮೊದಲ ಅಭ್ಯಾಸಕ್ಕೆ ಬಂಗಲೆ ಬೇಡ, ಆ ಪಡಸಾಲಿಯೇ ಸಾಕು. ಟೇಪ್ ಹಿಡಿದು ಅಳೀರಿ, ಸಂಜೆ 4ಕ್ಕೆ ಒಂದು ಫೋಟೊ ತೆಗೀರಿ, ಅದೇ ತಾರೀಖು, ಅದೇ ಸಮಯ ಕೊಟ್ಟು ರೆಂಡರ್ ಮಾಡಿ. ಕಂಬದ ನೆರಳು ಎರಡರಲ್ಲೂ ಒಂದೇ ಕಡೆ ಬಿದ್ದಿಲ್ಲ ಅಂದ್ರೆ ಉತ್ತರ ದಿಕ್ಕು ಎಲ್ಲೋ ತಿರುಗಿದೆ ಅಂತ ಲೆಕ್ಕ.

ಚಿತ್ರದಲ್ಲಿ ಮರಳು ಚೆಲ್ಲಿದ ಹಾಗೆ ಕಾಳುಕಾಳು ಕಂಡ್ರೆ ಗಾಬರಿ ಬೇಡ. ಸೈಕಲ್ಸ್ ಬೆಳಕಿನ ಕಿರಣಗಳನ್ನ ಒಂದೊಂದಾಗಿ ಲೆಕ್ಕ ಹಾಕುತ್ತೆ, ಸ್ಯಾಂಪಲ್ ಕಡಿಮೆ ಇದ್ರೆ ಕಾಳು ಹೆಚ್ಚು. ಅದನ್ನ ಅರ್ಧ ಮಾಡೋಕೆ ಸ್ಯಾಂಪಲ್ ಎರಡು ಪಟ್ಟು ಸಾಲಲ್ಲ, ನಾಲ್ಕು ಪಟ್ಟು ಬೇಕು. ಹಂಗಾಗಿ ಸುಮ್ಮನೆ ಏರಿಸ್ತಾ ಹೋಗಬೇಡಿ, ಡಿನಾಯ್ಸ್ ಅನ್ನೋ ಟಿಕ್ ಹಾಕಿ. ದೊಡ್ಡ ಚಿತ್ರವನ್ನ ರಾತ್ರಿ ಹಚ್ಚಿಟ್ಟು ಮಲಗಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಬೇಡ, ನಸುಕಿನಲ್ಲಿ ಕರೆಂಟ್ ಹೋದ್ರೆ ಮತ್ತೆ ಮೊದಲಿಂದ ಶುರು.