ಮಲಂಗ್‌ಗಡದ ಮೆಟ್ಟಿಲುಗಳು

ಕಲ್ಯಾಣದಲ್ಲಿ ಕರ್ಜತ್ ಲೋಕಲ್ ಹತ್ತಿ ಬಲಗಡೆ ಕಿಟಕಿ ಸಿಕ್ಕಿದರೆ ಬದ್ಲಾಪುರದ ತನಕ ಮೊಬೈಲು ಜೇಬಿನಲ್ಲೇ ಇರಲಿ. ಕಟ್ಟಡಗಳ ಸಂದಿಯಲ್ಲಿ ಒಂದು ಕರಿಗುಡ್ಡ ಕಾಣಿಸುತ್ತದೆ: ಕೆಳಗೆ ಹಸಿರು ಇಳಿಜಾರು, ಅದರ ಮೇಲೆ ನೆಟ್ಟಗಿನ ಬಂಡೆ, ಮತ್ತೆ ಇಳಿಜಾರು, ಮತ್ತೆ ಬಂಡೆ. ಅದೇ ಮಲಂಗ್‌ಗಡ. ಎತ್ತರ ಸಾವಿರ ಮೀಟರೂ ಇಲ್ಲ. 1,646 ಮೀಟರಿನ ಕಳಸೂಬಾಯಿಯ ಮುಂದೆ ಕುಳ್ಳ. ಆದರೆ ಡೊಂಬಿವಲಿಯ ಟೆರೇಸಿನಲ್ಲಿ ಬಟ್ಟೆ ಒಣಹಾಕುವವರಿಗೆ ಬೆಟ್ಟವೆಂದರೆ ಇದೇ.

ಈ ಮೆಟ್ಟಿಲು ಮೆಟ್ಟಿಲಾದ ರೂಪ ಬಂದದ್ದು ಬೆಂಕಿಯಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಉಕ್ಕಿತು. ಒಮ್ಮೆಗೇ ಅಲ್ಲ, ಒಂದು ಹರಿವು ಆರಿದ ಮೇಲೆ ಇನ್ನೊಂದು, ದೋಸೆಯ ಮೇಲೆ ದೋಸೆ ಹಾಕಿದಂತೆ. ಗಾಳಿಗುಳ್ಳೆ ತುಂಬಿದ ಮೆತ್ತನೆಯ ಪದರ ಮಳೆಗೆ ಬೇಗ ಸವೆದು ಇಳಿಜಾರಾಯಿತು, ಗಟ್ಟಿ ಪದರ ಗೋಡೆಯಾಗಿ ನಿಂತಿತು. ಭೂವಿಜ್ಞಾನಿಗಳು ಇದನ್ನು ‘ಡೆಕ್ಕನ್ ಟ್ರ್ಯಾಪ್’ ಅನ್ನುತ್ತಾರೆ. ಟ್ರ್ಯಾಪ್ ಎಂಬುದು ಮೆಟ್ಟಿಲಿಗಿರುವ ಸ್ವೀಡಿಷ್ ಮಾತಿನಿಂದ ಬಂದದ್ದು. ವಿಜಯಪುರದ ಗೋಳಗುಮ್ಮಟದ ಕರಿಕಲ್ಲೂ ಇದೇ ಮನೆತನದ್ದು.

1980ರ ದಶಕದಲ್ಲಿ ಈ ಪದರಗಳನ್ನು ವಿಂಗಡಿಸಿದಾಗ ಇಲ್ಲಿನ ಊರುಗಳ ಹೆಸರನ್ನೇ ಇಟ್ಟರು. ಲೋಕಲಿನಲ್ಲಿ ‘ಪುಢೀಲ್ ಸ್ಟೇಷನ್ ನೇರಳ್’ ಎಂದು ಕೇಳಿಸುತ್ತದಲ್ಲ, ಆ ನೇರಳ್, ಬೋರ್ ಘಾಟಿನ ಠಾಕೂರ್‌ವಾಡಿ ಇವೆಲ್ಲ ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿವೆ. ನಿಲ್ದಾಣದ ಬೋರ್ಡಿನಲ್ಲಿ ಈ ಸಂಗತಿ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು.

ಮಲಂಗ್‌ಗಡ, ಚಂದೇರಿ, ಮಾಥೇರಾನ್, ಪನವೇಲ್ ಕಡೆಯ ಪ್ರಬಲಗಡ ಇವು ಬೇರೆ ಬೇರೆಯಾಗಿ ಎದ್ದ ಬೆಟ್ಟಗಳಲ್ಲ. ಸಹ್ಯಾದ್ರಿಯ ಅಂಚು ಸವೆಯುತ್ತ ಪೂರ್ವಕ್ಕೆ ಹಿಂದೆ ಸರಿದಾಗ ಉಳಿದುಹೋದ ತುಂಡುಗಳು. ಅವುಗಳ ಬುಡದಲ್ಲಿ, ಅಂಬರನಾಥದಲ್ಲಿ, ಇದೇ ಕರಿಕಲ್ಲಿನ ಶಿವಾಲಯ 1060ರಲ್ಲಿ ಎದ್ದಿತು. ಕಟ್ಟಿಸಿದವರು ಶಿಲಾಹಾರರು, ಹಿಂದೆ ನಮ್ಮ ಮಾನ್ಯಖೇಟದ ರಾಷ್ಟ್ರಕೂಟರಿಗೆ ಸಾಮಂತರಾಗಿದ್ದ ಮನೆತನ.

ಹತ್ತುವ ದಾರಿಯೂ ಲಾವಾ ಹಾಕಿಕೊಟ್ಟದ್ದೇ. ಕಲ್ಯಾಣದಿಂದ ಬಸ್ಸಿನಲ್ಲಿ ಬುಡಕ್ಕೆ ಬಂದರೆ ಮೆಟ್ಟಿಲುಗಳು ಶುರು. ಒತ್ತಿನಲ್ಲೇ ಫ್ಯೂನಿಕ್ಯುಲರ್ ಹಳಿ. ಮೊದಲ ದೊಡ್ಡ ಚಾಚು ಪೀರ್ ಮಾಚಿ. ಅಲ್ಲಿರುವುದು ಕೆಲವರಿಗೆ ಹಾಜಿ ಮಲಂಗ್ ಬಾಬಾ ದರ್ಗಾ, ಇನ್ನು ಕೆಲವರಿಗೆ ಮಚ್ಛಿಂದ್ರನಾಥರ ಸಮಾಧಿ. ಕದ್ರಿಯ ಜೋಗಿಮಠ ಕಂಡ ಮಂಗಳೂರಿನವರಿಗೆ ಆ ನಾಥರು ಹೊಸಬರಲ್ಲ. ಮಾಘ ಹುಣ್ಣಿಮೆಗೆ ಎರಡೂ ಕಡೆಯ ಭಕ್ತರು ಹತ್ತುತ್ತಾರೆ. ಹೂ, ಚಾದರ, ಶರಬತ್ತಿನ ಅಂಗಡಿಗಳು ಇಲ್ಲಿಗೇ ಮುಗಿಯುತ್ತವೆ.

ಮುಂದಿನ ಮೆಟ್ಟಿಲು ಸೋನೆ ಮಾಚಿ. ಕಾಲಡಿ ಸಡಿಲ ಕಲ್ಲು, ಒಣಹುಲ್ಲು. ಅದರ ಮೇಲೆ ಬಾಲೇಕಿಲ್ಲಾ, ಅಂದರೆ ತುದಿಯ ಕೋಟೆ, ಎಲ್ಲಕ್ಕಿಂತ ಗಟ್ಟಿಯಾದ ಗೋಡೆ. 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಆಬಿಂಗ್ಟನ್ ಕೆಳಗಿನ ಕೋಟೆಯನ್ನು ಹಿಡಿದ, ಮೇಲಿನದು ದಕ್ಕಲಿಲ್ಲ. ಮರಾಠರು ಅವನನ್ನೇ ಸುತ್ತುವರಿದರು, ಬಿಡಿಸಲು ಕಂಪನಿಯ ಇನ್ನೊಬ್ಬ ಅಧಿಕಾರಿ ಹಾರ್ಟ್ಲಿ ಸೈನ್ಯ ತರಬೇಕಾಯಿತು. ತೋಪಿಗಿಂತ ಪದರ ಗಟ್ಟಿಯಿತ್ತು ಅಂತ ನನ್ನ ಲೆಕ್ಕ.

ಈಗ ಅಲ್ಲಿ ದಾರಿ ಮುರಿದಿದೆ. ಕಂದರಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪು. ಚಾರಣಿಗರು ಸೊಂಟಕ್ಕೆ ಹಗ್ಗ ಬಿಗಿದು, ಪೈಪಿನ ಮೇಲೆ ಕಾಲಿಟ್ಟು, ಬಂಡೆಯನ್ನು ತಬ್ಬಿಕೊಂಡು ಅಡ್ಡಡ್ಡ ಸರಿಯುತ್ತಾರೆ. ಮಳೆಗಾಲದಲ್ಲಿ ಆ ಸಾಹಸ ಖಂಡಿತ ಬೇಡ.

ಫೆಬ್ರವರಿಯ ಒಂದು ಭಾನುವಾರ ನಾನು ಆಬಿಂಗ್ಟನ್ ಸಾಹೇಬನ ಹಾಗೆಯೇ ಪೈಪಿನ ಈಚೆಗೇ ಉಳಿದೆ. ಮೇಲೆ ಬಂಡೆಯಲ್ಲಿ ಕೊರೆದ ತೊಟ್ಟಿಗಳಿವೆ. ಕಲ್ಲು ದಟ್ಟವಾದ್ದರಿಂದ ನೀರು ಇಂಗುವುದಿಲ್ಲ. ದಾಟಿಹೋದ ಗೆಳೆಯರು ಒಂದು ಬಾಟಲಿ ತುಂಬಿ ತಂದರು. ಬಿಸಿಲು ಸುಡುತ್ತಿತ್ತು, ನೀರು ತಣ್ಣಗಿತ್ತು.