ಗರ್ಭದ ಶಿಶುವನ್ನು ಸೊಳ್ಳೆಯಿಂದ ಕಾಪಾಡಿರಿ

ಮಗುವಿನ ನಿರೀಕ್ಷೆಯಲ್ಲಿರುವ ದಂಪತಿಗಳು ಆಹಾರ, ವಿಶ್ರಾಂತಿ, ಚುಚ್ಚುಮದ್ದುಗಳ ಕಡೆಗೆ ಗಮನ ಕೊಡುವುದು ಸಹಜ. ಮನೆಯ ನೀರಿನ ತೊಟ್ಟಿಯ ಕಡೆಗೂ ಅಷ್ಟೇ ಗಮನ ಅವಶ್ಯಕ. ಅಲ್ಲಿ ಹುಟ್ಟುವ ಸೊಳ್ಳೆಯು ಗರ್ಭದಲ್ಲಿರುವ ಶಿಶುವಿಗೂ ಕೇಡು ತರಬಲ್ಲುದು.

ದೂರದಿಂದ ಬಂದ ಸೊಳ್ಳೆ

ಕಾಲುಗಳ ಮೇಲೆ ಬಿಳಿ ಪಟ್ಟೆಗಳುಳ್ಳ, ಹಗಲಿನಲ್ಲಿ ಕಚ್ಚುವ ಈಡಿಸ್ ಈಜಿಪ್ಟಿ ಸೊಳ್ಳೆಯ ಮೂಲ ಆಫ್ರಿಕ. ಹಡಗುಗಳ ನೀರಿನ ಪೀಪಾಯಿಗಳೊಡನೆ ಸಾಗಿ ಅದು ಹಲವು ಖಂಡಗಳಲ್ಲಿ ನೆಲೆಸಿತು. ಡೆಂಗೆ, ಚಿಕುನ್‌ಗುನ್ಯ ಜ್ವರಗಳಂತೆ ಝಿಕಾ ರೋಗವನ್ನೂ ಇದೇ ಸೊಳ್ಳೆ ಹರಡುತ್ತದೆ. ಪೀತಜ್ವರದ ಸಂಶೋಧನೆಯಲ್ಲಿ ತೊಡಗಿದ್ದ ವಿಜ್ಞಾನಿಗಳು 1947ರಲ್ಲಿ ಉಗಾಂಡ ದೇಶದ ಝಿಕಾ ಅರಣ್ಯದಲ್ಲಿ, ಒಂದು ಕೋತಿಯ ರಕ್ತದಲ್ಲಿ, ಈ ವೈರಾಣುವನ್ನು ಕಂಡುಹಿಡಿದರು.

ನಮ್ಮ ಸೀಮೆಯಲ್ಲಿ

2023ರ ಆಗಸ್ಟ್ ತಿಂಗಳಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝಿಕಾ ವೈರಾಣು ಇದ್ದುದು ಪರೀಕ್ಷೆಯಿಂದ ತಿಳಿದುಬಂದಿತು. ಆಗ ದಿಬ್ಬೂರಹಳ್ಳಿಯೂ ಸೇರಿದಂತೆ ಸುತ್ತಲಿನ ಗ್ರಾಮಗಳ ಮೇಲೆ ನಿಗಾ ಇರಿಸಿ, ಗರ್ಭಿಣಿಯರ ಮತ್ತು ಜ್ವರಪೀಡಿತರ ರಕ್ತವನ್ನು ಪರೀಕ್ಷೆಗೆ ಕಳುಹಿಸಲಾಯಿತು.

ಗರ್ಭಿಣಿಯರಿಗೆ ಏಕೆ ಅಪಾಯ?

ಸೋಂಕು ತಗುಲಿದವರಲ್ಲಿ ಬಹುಮಂದಿಗೆ ಯಾವ ಲಕ್ಷಣವೂ ತೋರದು. ಕೆಲವರಿಗೆ ಅಲ್ಪ ಜ್ವರ, ಮೈಮೇಲೆ ಗಂದೆ, ಕೀಲುನೋವು, ಕಣ್ಣು ಕೆಂಪಾಗುವಿಕೆ ಕಂಡು ವಾರದೊಳಗೆ ಗುಣವಾಗುತ್ತದೆ. ಆದರೆ ಗರ್ಭಿಣಿಗೆ ತಗುಲಿದರೆ ಶಿಶುವಿನ ಮೆದುಳು ಮತ್ತು ತಲೆ ಸರಿಯಾಗಿ ಬೆಳೆಯದೆ ಹೋಗಬಹುದು. 2015ರಲ್ಲಿ ಬ್ರೆಜಿಲ್ ದೇಶದಲ್ಲಿ ಇಂತಹ ಅನೇಕ ಶಿಶುಗಳು ಜನಿಸಿದವು. ಸೋಂಕು ತಗುಲಿದ ಎಲ್ಲ ತಾಯಂದಿರ ಮಕ್ಕಳಿಗೂ ಹೀಗಾಗುವುದಿಲ್ಲ. ಆದರೂ ಈ ರೋಗಕ್ಕೆ ಲಸಿಕೆಯಾಗಲಿ ನಿರ್ದಿಷ್ಟ ಔಷಧಿಯಾಗಲಿ ಇಲ್ಲದಿರುವುದರಿಂದ ತಡೆಗಟ್ಟುವಿಕೆಯೇ ಉಪಾಯ.

ಪತಿಯ ಹೊಣೆ

ಝಿಕಾ ದೈಹಿಕ ಸಂಪರ್ಕದಿಂದಲೂ ಹರಡುತ್ತದೆ. ರೋಗ ತಗುಲಿದ ಪುರುಷನು 3 ತಿಂಗಳು, ಸ್ತ್ರೀಯು 2 ತಿಂಗಳು ಕಳೆಯುವವರೆಗೆ ದಂಪತಿಗಳು ನಿರೋಧ್ ಬಳಸಿ ಗರ್ಭಧಾರಣೆಯನ್ನು ಮುಂದೂಡಬೇಕು. ಪತ್ನಿ ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೂ ಈ ಎಚ್ಚರಿಕೆ ಇರಲಿ.

ನೀವು ಮಾಡಬೇಕಾದುದು

1. ತೊಟ್ಟಿ, ಡ್ರಮ್ಮು, ಹಂಡೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ, ಮುಚ್ಚಿಡಿರಿ. ಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತವೆ. ನೀರು ಚೆಲ್ಲಿದರಷ್ಟೇ ಸಾಲದು.

2. ರೇಷ್ಮೆ ಹುಳು ಸಾಕುವವರು, ಇರುವೆ ಬಾರದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗಿಡುವ ಬಟ್ಟಲುಗಳನ್ನೂ ತಿಕ್ಕಿ ತೊಳೆದು ನೀರು ಬದಲಿಸಬೇಕು. ಸೊಳ್ಳೆನಾಶಕ ಔಷಧಿಯು ರೇಷ್ಮೆ ಹುಳುಗಳಿಗೂ ಮಾರಕವಾದುದರಿಂದ ನಿಮಗೆ ಇದೇ ಕ್ಷೇಮಕರ ಮಾರ್ಗ.

3. ಗರ್ಭಿಣಿಯು ಮೈತುಂಬ ಬಟ್ಟೆ ತೊಡಲಿ. ಹಗಲು ಮಲಗುವಾಗಲೂ ಸೊಳ್ಳೆಪರದೆ ಬಳಸಲಿ.

4. ಗರ್ಭಿಣಿಗೆ ಜ್ವರ ಅಥವಾ ಗಂದೆ ಕಂಡರೆ ತಡಮಾಡದೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ವೈದ್ಯರನ್ನು ಕೇಳದೆ ಮಾತ್ರೆ ಕೊಡಬೇಡಿರಿ.

ತುಂಬಿದ ಕೊಡವನ್ನು ಎತ್ತುವುದು, ತೊಟ್ಟಿ ತಿಕ್ಕುವುದು ಬಸುರಿಗೆ ಶ್ರಮದ ಕೆಲಸ. ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಂಡು ಪತಿಯೇ ಈ ಕೆಲಸವನ್ನು ವಹಿಸಿಕೊಳ್ಳಲಿ. ಹುಟ್ಟಲಿರುವ ಮಗುವಿಗೆ ತಂದೆಯು ಮಾಡಬಹುದಾದ ಮೊದಲ ಆರೈಕೆ ಇದು.